ಹನ್ನೆರಡರ ಒಳಗಿನ ಹಣೆಗೆ ಚೆಂಡು ಬೇಡ

ಗೋವಾದ ಫತೋರ್ಡಾ ಮೈದಾನ, 2025ರ ಏಪ್ರಿಲ್ 6. ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಕಂಠೀರವದಲ್ಲಿ 2-0 ಗೆದ್ದು ಬಂದಿದ್ದ ಬೆಂಗಳೂರು ಎಫ್‌ಸಿ ಅಂದು ಎರಡು ಗೋಲು ಬಿಟ್ಟುಕೊಟ್ಟಿತ್ತು. ಒಟ್ಟು ಲೆಕ್ಕ ಸಮಸಮ. ತೊಂಬತ್ತು ನಿಮಿಷ ಮುಗಿದು ಇಂಜುರಿ ಟೈಮ್ ನಡೆಯುತ್ತಿತ್ತು. ಆಗ ಬಂದ ಕ್ರಾಸ್‌ಗೆ ನಲವತ್ತರ ಸುನಿಲ್ ಛೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು. ಚೆಂಡು ಬಲೆಯೊಳಗೆ, ಬೆಂಗಳೂರು ಫೈನಲ್‌ಗೆ.

ಅಂಥ ಗೋಲು ನೋಡಿದ ಹುಡುಗ ಮಾರನೇ ದಿನ ಶಾಲೆಯ ಮೈದಾನದಲ್ಲಿ ಸುಮ್ಮನಿರುತ್ತಾನೆಯೇ? ಕಾಲಾಟದಲ್ಲಿ ಛೆಟ್ರಿಯಾಗಲು ವರ್ಷಗಟ್ಟಲೆ ಬೆವರು ಹರಿಸಬೇಕು, ತಲೆ ಕೊಡುವುದಕ್ಕೆ ಧೈರ್ಯವೊಂದಿದ್ದರೆ ಸಾಕು ಎಂಬುದು ಅವನ ಎಣಿಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳದ್ದೇ ಹಳೆಯ ಬೇರು. ಆದರೂ ಬೆಂಗಳೂರಿನ ಗಾಳಿ ಬೀಸುವಷ್ಟು ಹತ್ತಿರದ ಸೀಮೆ ಇದು, ಪಿ.ಟಿ. ಪೀರಿಯಡ್ಡಿನಲ್ಲಿ ಫುಟ್‌ಬಾಲೂ ಜಾಗ ಮಾಡಿಕೊಂಡಿದೆ.

ಹೆಡ್ಡಿಂಗ್ ಕಲಿಸುವ ಕ್ರಮ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಮೇಷ್ಟ್ರು ನಾಲ್ಕೈದು ಹೆಜ್ಜೆ ದೂರದಿಂದ ಎರಡೂ ಕೈಯಲ್ಲಿ ಚೆಂಡು ಎಸೆಯುತ್ತಾರೆ. “ಕಣ್ ಮುಚ್ಬೇಡ, ಹಣೆಗೆ ತಗೊ, ಕತ್ತು ಗಟ್ಟಿ ಮಾಡ್ಕೊ!” ಮೊದಲನೆಯವನು ಕಣ್ಣು ಮುಚ್ಚಿಯೇ ಬಿಡುತ್ತಾನೆ, ಚೆಂಡು ನೆತ್ತಿಗೆ ತಗುಲಿ ಹಿಂದಕ್ಕೆ ಹಾರುತ್ತದೆ, ಸಾಲಿನಲ್ಲಿ ನಗು ಏಳುತ್ತದೆ. ಎರಡನೆಯವನಿಗೆ ಮೂಗಿಗೆ ಬಿದ್ದು ಕಣ್ಣಲ್ಲಿ ನೀರು. ನಗಬಾರದೆಂದು ಮೂರನೆಯವನು ಹಲ್ಲು ಕಚ್ಚಿಕೊಂಡು ನಿಲ್ಲುತ್ತಾನೆ. ಆಮೇಲೆ ಮತ್ತೊಂದು ಸುತ್ತು, ಮಗದೊಂದು ಸುತ್ತು. ಪಂದ್ಯದಲ್ಲಿ ಆ ವಯಸ್ಸಿನವನು ಒಂದೋ ಎರಡೋ ಸಲ ತಲೆ ಕೊಟ್ಟಾನು. ಅಭ್ಯಾಸದಲ್ಲಿ ಅದು ಸಲೀಸಾಗಿ ಇಪ್ಪತ್ತಕ್ಕೆ ಹೋಗುತ್ತದೆ. ಇವತ್ತು ಜಗತ್ತಿನ ಫುಟ್‌ಬಾಲ್ ಸಂಸ್ಥೆಗಳು ತಲೆಕೆಡಿಸಿಕೊಂಡಿರುವುದು ಮುಖ್ಯವಾಗಿ ಈ ಇಪ್ಪತ್ತರ ಬಗ್ಗೆ.

ಇದು ದೊಡ್ಡ ಮಾತಾಗಿದ್ದು ಒಬ್ಬ ಆಟಗಾರನ ಸಾವಿನಿಂದ. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ಜೆಫ್ ಆಸ್ಟಲ್ ತಲೆಯಲ್ಲಿ ಗೋಲು ಹೊಡೆಯುವುದಕ್ಕೇ ಹೆಸರಾಗಿದ್ದವರು. 1968ರ ಎಫ್‌ಎ ಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಅವರದೇ. ಕೊನೆಗಾಲದಲ್ಲಿ ಅವರಿಗೆ ಮರೆವಿನ ಕಾಯಿಲೆ ಅಂಟಿತು. 2002ರ ಜನವರಿಯಲ್ಲಿ ತೀರಿಕೊಂಡಾಗ ಬರೀ 59 ವರ್ಷ. ಅದೇ ವರ್ಷದ ನವೆಂಬರಿನಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಕೊಟ್ಟ ತೀರ್ಪು: ಇದು ವೃತ್ತಿಯಿಂದ ಬಂದ ರೋಗ. ಗಣಿ ಕೆಲಸಗಾರನ ಶ್ವಾಸಕೋಶಕ್ಕೆ ದೂಳು ಹತ್ತಿದಾಗ ಹೇಳುವ ಮಾತನ್ನು ಫುಟ್‌ಬಾಲ್ ಆಟಗಾರನ ಮಿದುಳಿಗೆ ಹೇಳಲಾಯಿತು. 2014ರಲ್ಲಿ ಗ್ಲಾಸ್ಗೋದ ನರರೋಗ ತಜ್ಞ ಡಾ. ವಿಲ್ಲೀ ಸ್ಟೀವರ್ಟ್ ಆ ಮಿದುಳನ್ನು ಮತ್ತೆ ಪರೀಕ್ಷಿಸಿ, ಮುಷ್ಟಿಕಾಳಗದವರಲ್ಲಿ ಕಾಣುವಂಥ ಹಾನಿಯೇ ಅಲ್ಲಿರುವುದನ್ನು ಗುರುತಿಸಿದರು. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡಿನ ಹನ್ನೊಂದು ಮಂದಿಯಲ್ಲಿ ಐವರು, ಬಾಬಿ ಮತ್ತು ಜಾಕ್ ಚಾರ್ಲ್ಟನ್ ಸಹೋದರರೂ ಸೇರಿ, ಮುಂದೆ ಇದೇ ಮರೆವಿಗೆ ಸಿಕ್ಕರು.

ಐದು ಜನರ ಕತೆಯಿಂದ ವಿಜ್ಞಾನ ಆಗುವುದಿಲ್ಲ. ಅದಕ್ಕೆ ಸ್ಟೀವರ್ಟ್ ಅವರ ತಂಡ ಲೆಕ್ಕಕ್ಕೆ ಕೂತಿತು. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರನ್ನೂ ಅದೇ ವಯಸ್ಸಿನ, ಅದೇ ಬಗೆಯ ಬಡಾವಣೆಗಳ 23,000 ಸಾಮಾನ್ಯ ಜನರನ್ನೂ ಹೋಲಿಸಿ 2019ರ ಅಕ್ಟೋಬರಿನಲ್ಲಿ ಫಲಿತಾಂಶ ಪ್ರಕಟಿಸಿತು. ಹೃದ್ರೋಗದಿಂದ, ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಆಟಗಾರರಲ್ಲೇ ಕಡಿಮೆ. ಆಟ ದೇಹಕ್ಕೆ ಒಳ್ಳೆಯದನ್ನೇ ಮಾಡಿತ್ತು. ಮಿದುಳು ಸವೆಯುವ ಕಾಯಿಲೆಗಳ ಸಾವು ಮಾತ್ರ ಮೂರೂವರೆ ಪಟ್ಟು. ಎರಡು ವರ್ಷದ ನಂತರ ಅದೇ ತಂಡ ಮೈದಾನದಲ್ಲಿ ಯಾರು ಎಲ್ಲಿ ನಿಂತಿದ್ದರು ಎಂದು ವಿಂಗಡಿಸಿ ನೋಡಿತು. ಚೆಂಡನ್ನು ಕೈಯಲ್ಲಿ ಹಿಡಿಯುವ ಗೋಲ್‌ಕೀಪರ್‌ಗೆ ಅಪಾಯ ಸಾಮಾನ್ಯ ಜನರಷ್ಟೇ. ಎಲ್ಲರಿಗಿಂತ ಹೆಚ್ಚು ತಲೆ ಕೊಡುವ ಡಿಫೆಂಡರ್‌ಗೆ ಐದು ಪಟ್ಟು. 2023ರಲ್ಲಿ ಸ್ವೀಡನ್ನಿನ 6,007 ಆಟಗಾರರ ಅಧ್ಯಯನದಲ್ಲಿ ಅಪಾಯ ಅಷ್ಟು ದೊಡ್ಡದಿರಲಿಲ್ಲ, ಸುಮಾರು ಒಂದೂವರೆ ಪಟ್ಟು. ಅಲ್ಲಿಯೂ ಗೋಲ್‌ಕೀಪರ್‌ಗಳು ಪಾರಾಗಿದ್ದರು. ಎರಡು ದೇಶಗಳ ಲೆಕ್ಕ ಒಂದೇ ಕಡೆ ಬೆರಳು ತೋರಿಸುತ್ತಿದೆ.

ಹಾಗಾದರೆ ಐದನೇ ಕ್ಲಾಸಿನ ಹುಡುಗಿಗೂ ಇದಕ್ಕೂ ಏನು ಸಂಬಂಧ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಕೇಳದೆ ಒಪ್ಪಬೇಡಿ ಎಂದು ಜೀವಮಾನವಿಡೀ ಕಲಿಸಿದ ಡಾ. ಎಚ್. ನರಸಿಂಹಯ್ಯನವರ ಸೀಮೆಯಲ್ಲಿ ಈ ಪ್ರಶ್ನೆ ಏಳಲೇಬೇಕು. ಸ್ಕಾಟ್ಲೆಂಡಿನವರು ಇಪ್ಪತ್ತು ವರ್ಷ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು, ವಾರಕ್ಕೆರಡು ಪಿ.ಟಿ. ಪೀರಿಯಡ್ ಆಡುವ ಮಗು ಅಲ್ಲ. ಆಗಿನದು ತೊಗಲಿನ ಚೆಂಡು, ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು ಎನ್ನುತ್ತಾರೆ. ಆ ಮಾತು ಅರ್ಧ ಮಾತ್ರ ಸರಿ. ಒಣ ಚೆಂಡಿನ ತೂಕ 1937ರಿಂದ ಬದಲಾಗಿಯೇ ಇಲ್ಲ: ಆಗ 14ರಿಂದ 16 ಔನ್ಸ್, ಈಗಿನ ನಿಯಮದಲ್ಲಿ 410ರಿಂದ 450 ಗ್ರಾಂ. ಈಗಿನದು ನೀರು ಹೀರುವುದಿಲ್ಲ ನಿಜ, ಆದರೆ ಹೆಚ್ಚು ವೇಗವಾಗಿ ಬರುತ್ತದೆ.

ಇನ್ನು ಮಗುವಿನ ದೇಹ. ಆರೇಳು ವರ್ಷಕ್ಕೆಲ್ಲ ತಲೆ ಬಹುತೇಕ ದೊಡ್ಡವರ ಗಾತ್ರಕ್ಕೆ ಬಂದುಬಿಡುತ್ತದೆ. ಕತ್ತಿನ ಸ್ನಾಯು ಗಟ್ಟಿಯಾಗಲು ಮೀಸೆ ಮೂಡುವ ವಯಸ್ಸು ಬರಬೇಕು. ಚೆಂಡು ಬಡಿದಾಗ ದೊಡ್ಡವರು ಕತ್ತು, ಭುಜ, ಬೆನ್ನನ್ನು ಒಟ್ಟಿಗೆ ಬಿಗಿಹಿಡಿದು ಪೆಟ್ಟನ್ನು ಇಡೀ ಮೈಗೆ ಹಂಚುತ್ತಾರೆ. ಮಗುವಿನ ತಲೆ ಒಂದೇ ಹಿಂದಕ್ಕೆ ಜಗ್ಗುತ್ತದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳ ಗೋಡೆಗೆ ತಾಗಿದ್ದು ಕೇಳುತ್ತದೆ. ಬುರುಡೆಯೊಳಗೆ ದ್ರವದಲ್ಲಿ ತೇಲುವ ಮಿದುಳಿಗೂ ಆಗುವುದು ಅದೇ. ಹೊರಗೆ ಗಾಯವಿಲ್ಲ, ರಕ್ತವಿಲ್ಲ, ಸದ್ದೂ ಇಲ್ಲ.

ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು 2016ರಲ್ಲಿ ಹವ್ಯಾಸಿ ಆಟಗಾರರಿಗೆ ಯಂತ್ರದಿಂದ, ಕಾರ್ನರ್ ಕಿಕ್‌ನಷ್ಟೇ ವೇಗದಲ್ಲಿ, ಇಪ್ಪತ್ತು ಸಲ ಚೆಂಡು ಕೊಟ್ಟು ತಲೆಯಲ್ಲಿ ಆಡಿಸಿದರು. ಕೂಡಲೇ ನೆನಪಿನ ಪರೀಕ್ಷೆ ಮಾಡಿದಾಗ ಅವರ ಸಾಮರ್ಥ್ಯ ಶೇ 41ರಿಂದ 67ರಷ್ಟು ಕುಸಿದಿತ್ತು. ಒಂದು ದಿನದೊಳಗೆ ಎಲ್ಲ ಸರಿಹೋಯಿತು. ಭಾಗವಹಿಸಿದವರು ಹತ್ತೊಂಬತ್ತೇ ಜನ, ಎಲ್ಲರೂ ದೊಡ್ಡವರು. ಇದನ್ನೇ ಕೊನೆಯ ಮಾತೆನ್ನುವಂತಿಲ್ಲ. ಆದರೆ ಬೆಳಿಗ್ಗೆ ಇಪ್ಪತ್ತು ಹೆಡ್ಡರ್ ಹೊಡೆದು ನೇರವಾಗಿ ಗಣಿತದ ಕ್ಲಾಸಿಗೆ ಹೋಗಿ ಕೂರುವ ಮಗುವಿನ ತಂದೆತಾಯಿಗೆ ಈ ಸಂಗತಿ ಗೊತ್ತಿರಲೇಬೇಕು.

ಅಮೆರಿಕ ಮೊದಲು ಎಚ್ಚೆತ್ತಿತು. ಪೋಷಕರು ಮತ್ತು ಆಟಗಾರರು 2014ರಲ್ಲಿ ಕೋರ್ಟಿಗೆ ಹೋದರು. 2015ರ ನವೆಂಬರಿನಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡ್ಡಿಂಗ್ ನಿಷೇಧಿಸಿ, 11ರಿಂದ 13ರವರಿಗೆ ಅಭ್ಯಾಸದಲ್ಲಿ ಮಿತಿ ಹಾಕಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳು 2020ರ ಫೆಬ್ರುವರಿಯಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಹೆಡ್ಡಿಂಗ್ ತೆಗೆದುಹಾಕಿದವು. 2024-25ರಿಂದ ಇಂಗ್ಲೆಂಡ್ ಪಂದ್ಯಗಳಿಗೂ ಕೈಹಾಕಿತು: ಮೊದಲು ಒಂಬತ್ತರವರೆಗಿನ ತಂಡಗಳು, ಮರುವರ್ಷ ಹತ್ತು, 2026-27ಕ್ಕೆ ಹನ್ನೊಂದು. ಬೇಕೆಂದೇ ತಲೆ ಕೊಟ್ಟರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀಕಿಕ್, ಅಷ್ಟೇ. ಆಟವೇನೂ ನಿಂತಿಲ್ಲ.

ವಿರೋಧಿಸುವವರ ಮಾತಿನಲ್ಲೂ ತೂಕವಿದೆ. ಎಳೆಯದರಲ್ಲಿ ಕಲಿಯದವನು ಹದಿಮೂರಕ್ಕೆ ಏಕಾಏಕಿ ತಲೆ ಕೊಡಹೊರಟರೆ ತಪ್ಪಾಗಿ ಕೊಟ್ಟು ಇನ್ನೂ ಹೆಚ್ಚು ಪೆಟ್ಟು ತಿಂದಾನು ಎನ್ನುತ್ತಾರೆ. ಅಮೆರಿಕದ ಹೈಸ್ಕೂಲು ಆಟಗಾರರ ಒಂಬತ್ತು ವರ್ಷದ ಗಾಯಗಳ ದಾಖಲೆ 2015ರಲ್ಲಿ ಪ್ರಕಟವಾದಾಗ ಇನ್ನೊಂದು ಅಂಶ ಹೊರಬಿತ್ತು. ತಲೆಗೆ ಜೋರು ಪೆಟ್ಟು ಬಿದ್ದ ಪ್ರಸಂಗಗಳಲ್ಲಿ ಹೆಡ್ಡಿಂಗ್ ಮಾಡುವಾಗ ಆದದ್ದೇ ಹೆಚ್ಚು, ಹುಡುಗರಲ್ಲಿ ಶೇ 30ರಷ್ಟು, ಹುಡುಗಿಯರಲ್ಲಿ ಶೇ 25ರಷ್ಟು. ಆದರೆ ಅವುಗಳಲ್ಲಿ ಬಹುಪಾಲು ಪೆಟ್ಟು ಚೆಂಡಿನದಲ್ಲ. ಒಂದೇ ಚೆಂಡಿಗೆ ಹಾರಿದ ಇಬ್ಬರ ತಲೆಗೆ ತಲೆ, ತಲೆಗೆ ಮೊಣಕೈ ಡಿಕ್ಕಿಯಾಗಿದ್ದು. ಚೆಂಡು ತಪ್ಪಿಸಿದರೆ ಸಾಲದು, ಒರಟಾಟ ನಿಲ್ಲಿಸಿ ಎಂದು ಆ ಅಧ್ಯಯನ ಮಾಡಿದವರು ಹೇಳಿದರು. ಸರಿಯಾದ ಮಾತು. ಎಳೆಯರಿಗೆ ಹೆಡ್ಡಿಂಗ್ ಇಲ್ಲದಿದ್ದರೆ ಇಬ್ಬರು ಒಟ್ಟಿಗೆ ಹಾರುವ ಪ್ರಮೇಯವೂ ಅಷ್ಟು ಕಡಿಮೆಯಾಗುತ್ತದೆ ಎಂಬುದೂ ಅಷ್ಟೇ ಸರಿ.

ನಮ್ಮ ಕಡೆ ಇದರ ಜೊತೆಗೆ ನೆಲದ ಪ್ರಶ್ನೆ ಬೇರೆ ಇದೆ. ಇಂಗ್ಲೆಂಡಿನ ಹುಡುಗ ಹಾರಿ ಬಿದ್ದರೆ ಹಸಿ ಹುಲ್ಲಿನ ಮೇಲೆ ಬೀಳುತ್ತಾನೆ. ಈ ಬಯಲುಸೀಮೆಯ ಶಾಲಾ ಮೈದಾನ ಎಂದರೆ ಕೆಮ್ಮಣ್ಣು, ಗರಸು, ಅಲ್ಲಲ್ಲಿ ಎದ್ದ ಕಲ್ಲು. ಫೆಬ್ರುವರಿ ಕಳೆದರೆ ಕಾಂಕ್ರೀಟಿನಷ್ಟು ಗಟ್ಟಿ. ಶಾಲೆಗೆ ಬರುವ ಚೆಂಡೂ ಸಾಮಾನ್ಯವಾಗಿ ಒಂದೇ: ಎಸ್ಸೆಸ್ಸೆಲ್ಸಿಯವರಿಗೂ ಐದನೇ ಕ್ಲಾಸಿನವರಿಗೂ ಅದೇ 5ನೇ ನಂಬರು. ಎಂಟರಿಂದ ಹನ್ನೆರಡರವರಿಗೆ 350ರಿಂದ 390 ಗ್ರಾಮಿನ 4ನೇ ನಂಬರು, ಅದಕ್ಕಿಂತ ಚಿಕ್ಕವರಿಗೆ ಇನ್ನೂ ಹಗುರವಾದ 3ನೇ ನಂಬರು ಇರುವುದೇ ಎಷ್ಟೋ ಕಡೆ ಗೊತ್ತಿಲ್ಲ. ಗಾಳಿಯಂತೂ ಸೈಕಲ್ ಪಂಪಿನಲ್ಲಿ, ಹೆಬ್ಬೆರಳಿಗೆ ತಗ್ಗದಷ್ಟು. ಚೆಂಡು ಚೆನ್ನಾಗಿ ಪುಟಿಯಬೇಕಲ್ಲ!

ಮೈದಾನದ ಪಕ್ಕ ಡಾಕ್ಟರಿಲ್ಲ. ದೊಡ್ಡ ಮೈದಾನಗಳೇ ಈ ವಿಷಯದಲ್ಲಿ ಎಡವಿದ್ದುಂಟು. 2004ರ ಡಿಸೆಂಬರ್ 5ರಂದು ಕಂಠೀರವದಲ್ಲಿ ಫೆಡರೇಷನ್ ಕಪ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್, ಎರಡನೇ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದು ಅಸುನೀಗಿದರು. ಅದು ತಲೆಯ ಪೆಟ್ಟಲ್ಲ, ಹೃದಯ ನಿಂತದ್ದು. ಮೈದಾನದಲ್ಲಿ ತುರ್ತು ಚಿಕಿತ್ಸೆಯ ಏರ್ಪಾಡು ಸಾಲದಿತ್ತು ಎಂಬ ದೂರು ಆಗ ದೇಶವಿಡೀ ಎದ್ದಿತು. ರಾಷ್ಟ್ರಮಟ್ಟದ ಫೈನಲ್‌ಗೇ ಆ ಗತಿಯಾದರೆ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಟಿಂಕ್ಚರ್ ಬಾಟಲಿಗಿಂತ ಹೆಚ್ಚಿನದನ್ನು ಎದುರುನೋಡುವುದು ಹೇಗೆ?

ತಲೆಗೆ ಪೆಟ್ಟು ತಿಂದ ಮಗುವನ್ನು ಮತ್ತೆ ಆಟಕ್ಕೆ ಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. 2011ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಶಾಲಾ ರಗ್ಬಿ ಪಂದ್ಯವೊಂದರಲ್ಲಿ 14 ವರ್ಷದ ಹುಡುಗ ಪೆಟ್ಟು ತಿಂದೂ ಆಟ ಮುಂದುವರಿಸಿ, ಮತ್ತೆ ಪೆಟ್ಟು ತಿಂದು ಸತ್ತ. ಮೊದಲನೆಯ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯದು ಬಿದ್ದರೆ ಅದು ಊದಿಕೊಳ್ಳುತ್ತದೆ. ತಲೆ ಸುತ್ತು, ವಾಂತಿ, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು, ಬೆಳಕಿಗೆ ಕಣ್ಣು ಕುಕ್ಕುವುದು: ಇವುಗಳಲ್ಲಿ ಒಂದು ಕಂಡರೂ ಆ ದಿನ ಆಟ ಮುಗಿಯಿತು, ವೈದ್ಯರಿಗೆ ತೋರಿಸಲೇಬೇಕು. “ಏನಾಗಲ್ಲ, ಮುಖಕ್ಕೆ ನೀರು ಹಾಕ್ಕೊಂಡು ಬಾ” ಎಂಬ ಮಾತು ನಮ್ಮ ಮೈದಾನಗಳಿಂದ ತೊಲಗಬೇಕು.

ಮುಪ್ಪಿನ ಮರೆವನ್ನು ನಮ್ಮ ಮನೆಗಳಲ್ಲಿ ಅರಳು-ಮರಳು ಎಂದು ಕೈಬಿಡುವುದೇ ರೂಢಿ. ಅದೂ ಈಗ ಬದಲಾಗುತ್ತಿದೆ. ಚಿಂತಾಮಣಿಗೆ ಅಂಟಿಕೊಂಡಂತಿರುವ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಿಂದ, 45 ದಾಟಿದ ಹತ್ತು ಸಾವಿರ ಜನರ ನೆನಪು, ಆರೋಗ್ಯವನ್ನು ವರ್ಷ ವರ್ಷ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ರಾಗಿ ಬೆಳೆಯುವ ಊರಿನ ಅಜ್ಜಿಯ ಮರೆವಿಗೂ ಕಾರಣ ಹುಡುಕಬೇಕು ಎಂಬ ಕಾಳಜಿ ಪಕ್ಕದ ತಾಲ್ಲೂಕಿಗೇ ಬಂದಿರುವಾಗ, ಮೊಮ್ಮಗನ ತಲೆಗೆ ಕಾರಣವಿಲ್ಲದೆ ಬೀಳುವ ಪೆಟ್ಟನ್ನು ತಪ್ಪಿಸುವುದು ಕಷ್ಟವೇ?

ಎಳೆಯರಿಗೆ ಹೆಡ್ಡಿಂಗ್ ನಿಷೇಧಿಸಿದರೆ ಕರ್ನಾಟಕದ ಆಟ ಬಡವಾಗುತ್ತದೆ ಎಂಬ ಭಯ ಬೇಕಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ಭಾರತದ ಪರ ಫ್ರಾನ್ಸ್ ವಿರುದ್ಧ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಹಲಸೂರಿನ ಗೌತಮಪುರದ ಗಲ್ಲಿಗಳಲ್ಲಿ ಹುಡುಗರು ಪಳಗುವುದು ಕಾಲಿನ ಚಳಕದಲ್ಲಿ. ಮೈಸೂರು ರಾಜ್ಯದ ಹೆಸರಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದ್ದ ನಾಡು, 54 ವರ್ಷ ಕಾದು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವಾಗಿ ಮೊದಲ ಸಲ ಕಪ್ ಎತ್ತಿತು. ಹನ್ನೆರಡರವರೆಗೆ ಚೆಂಡನ್ನು ನೆಲದ ಮೇಲೇ ಇಟ್ಟುಕೊಳ್ಳಲು ಕಲಿತ ಮಗು ಆ ಪರಂಪರೆಗೆ ಹತ್ತಿರವೇ ಆಗುತ್ತದೆ. ಹದಿಮೂರಕ್ಕೆ ಬಲೂನು, ಹಗುರ ಚೆಂಡುಗಳಿಂದ ಶುರುಮಾಡಿ, ಕತ್ತಿನ ವ್ಯಾಯಾಮದ ಜೊತೆಗೆ, ವಾರಕ್ಕಿಷ್ಟೇ ಎಂಬ ಲೆಕ್ಕದಲ್ಲಿ ಹೆಡ್ಡಿಂಗ್ ಕಲಿಸಿದರೆ ಕಲಿತೇ ಕಲಿಯುತ್ತದೆ. ಇಂಗ್ಲೆಂಡಿನಲ್ಲಿ ವೃತ್ತಿಪರರಿಗೇ ಅಭ್ಯಾಸದಲ್ಲಿ ವಾರಕ್ಕೆ ಹತ್ತಕ್ಕಿಂತ ಹೆಚ್ಚು ಜೋರು ಹೆಡ್ಡರ್ ಬೇಡ ಎಂದು 2021ರಲ್ಲೇ ಸೂಚನೆ ಹೊರಟಿದೆ.

ಇದಕ್ಕೆ ಕಾನೂನು, ಅನುದಾನ ಯಾವುದಕ್ಕೂ ಕಾಯಬೇಕಿಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆ ತನ್ನ ಎಳೆಯರ ಲೀಗ್‌ಗಳಿಗೆ, ಶಿಕ್ಷಣ ಇಲಾಖೆ ತನ್ನ ಪ್ರಾಥಮಿಕ ಶಾಲಾ ಕ್ರೀಡಾಕೂಟಗಳಿಗೆ ಒಂದೊಂದು ಸುತ್ತೋಲೆ ಹೊರಡಿಸಿದರೆ ಆಯಿತು. ಅದು ಬರುವವರೆಗೆ ತಾಲ್ಲೂಕಿನ ದೈಹಿಕ ಶಿಕ್ಷಕರೇ ಕ್ರೀಡಾಕೂಟಕ್ಕೆ ಮೊದಲಿನ ಸಭೆಯಲ್ಲಿ ತೀರ್ಮಾನಿಸಬಹುದು: ಪ್ರಾಥಮಿಕ ವಿಭಾಗಕ್ಕೆ 4ನೇ ನಂಬರಿನ ಚೆಂಡು, ಅಭ್ಯಾಸದಲ್ಲಿ ಹೆಡ್ಡಿಂಗ್ ಇಲ್ಲ, ಪಂದ್ಯದಲ್ಲಿ ತಲೆ ಕೊಟ್ಟರೆ ಎದುರಾಳಿಗೆ ಫ್ರೀಕಿಕ್, ತಲೆಗೆ ಪೆಟ್ಟು ಬಿದ್ದವರು ಆ ದಿನ ಮತ್ತೆ ಇಳಿಯುವಂತಿಲ್ಲ. ನಾಲ್ಕನೇ ನಂಬರಿನ ಚೆಂಡಿನ ಖರ್ಚೊಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಒಂದು ರೂಪಾಯಿ ಬೇಡ.