ಯಾರಿಗೆ ಯಾವ ಆಟ?

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನುರಿತ ವ್ಯಾಪಾರಿ ಗಿರಾಕಿಯನ್ನು ಮೊದಲು ಕೇಳಬೇಕಾದದ್ದು ಎಷ್ಟು ಬೇಕೆಂದಲ್ಲ, ಯಾತಕ್ಕೆ ಬೇಕೆಂದು. ಕೊಯ್ದು ತಿನ್ನುವುದಕ್ಕಾದರೆ ಬಾದಾಮಿ, ಸೀಕರಣೆಗಾದರೆ ರಸಪುರಿ, ತಿರುಳಿನ ಕಾರ್ಖಾನೆಗಾದರೆ ತೋತಾಪುರಿ. ಎಲ್ಲಕ್ಕಿಂತ ಉತ್ತಮವಾದ ಮಾವು ಯಾವುದೆಂಬ ಪ್ರಶ್ನೆಗೆ ಈ ತಾಲ್ಲೂಕಿನಲ್ಲಿ ಅರ್ಥವೇ ಇಲ್ಲ. ವಿಡಿಯೊ ಗೇಮುಗಳ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. 'ಮುಂದೆ ಯಾವ ಆಟ ಆಡಲಿ?' ಎಂದು ಗೆಳೆಯ ಕೇಳಿದರೆ, ನಮಗೆ ಮೆಚ್ಚಿಗೆಯಾದದ್ದರ ಹೆಸರು ಹೇಳಿ ಕೈತೊಳೆದುಕೊಳ್ಳುತ್ತೇವೆ.

ಇದರಿಂದಾಗುವ ನಷ್ಟ ಸಣ್ಣದಲ್ಲ. 2021ರ ಫೆಬ್ರುವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಪ್ಲೇಸ್ಟೇಷನ್ 5 ಕನ್ಸೋಲಿನ ಬೆಲೆ 49,990 ರೂಪಾಯಿ. ಅದರ ಕೆಲವು ಹೊಸ ಆಟಗಳಿಗೆ ತಲಾ 4,999 ರೂಪಾಯಿ. ತಾಲ್ಲೂಕು ಕೇಂದ್ರವೊಂದರ ಮಧ್ಯಮ ವರ್ಗದ ಮನೆಯಲ್ಲಿ ಇದು ಯೋಚಿಸಿ ಮಾಡುವ ಖರ್ಚು. ಸಲಹೆ ಹುಸಿಯಾದರೆ ಹಣದೊಡನೆ ಉತ್ಸಾಹವೂ ಹೋಗುತ್ತದೆ. ಬೇಸತ್ತ ಹುಡುಗ ಮರಳುವುದು ಮೊಬೈಲಿಗೆ. ಅಲ್ಲಿ ಸಲಹೆ ಕೊಡುವವರು ಗೆಳೆಯರಲ್ಲ, ಜಾಹೀರಾತುಗಳು. ಆ ಜಾಹೀರಾತುಗಳು ಎಷ್ಟು ಮನೆಗಳ ನೆಮ್ಮದಿ ಕೆಡಿಸಿದವೆಂದರೆ, ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕಾರ ನೀಡಬೇಕಾಯಿತು. ಕಾನೂನು ಕೆಟ್ಟ ಆಟಕ್ಕೆ ಬಾಗಿಲು ಹಾಕಬಲ್ಲದು. ಒಳ್ಳೆಯ ಆಟದ ಬಾಗಿಲು ತೋರಿಸುವ ಕೆಲಸ ಆಡಿ ಬಲ್ಲವರದು.

1990ರ ದಶಕದಲ್ಲಿ ಬೆಳೆದವರಿಗೆ ಈ ಬಾಗಿಲುಗಳು ತಾವಾಗಿಯೇ ತೆರೆದಿದ್ದವು. ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು ಆಗ 'ಟಿ.ವಿ. ಗೇಮ್' ಎಂಬ ಹೆಸರಿನಲ್ಲಿ ನಮ್ಮ ಊರುಗಳಿಗೂ ಬಂದವು. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟಗಳು. ಹಾರಿ ದಾಟುವ ಮಾರಿಯೊ, ಇಬ್ಬರು ಸೇರಿ ಹೋರಾಡುವ ಕಾಂಟ್ರಾ, ಬಾತುಕೋಳಿ ಹೊಡೆಯುವ ಡಕ್ ಹಂಟ್ ಒಂದರ ಪಕ್ಕದಲ್ಲೊಂದು ಇದ್ದವು. ಪ್ರಕಾರ ಎಂಬ ಪದವನ್ನೇ ಅರಿಯದ ಮಕ್ಕಳು ಎಲ್ಲ ಪ್ರಕಾರಗಳ ರುಚಿಯನ್ನೂ ನೋಡಿದರು. ಇಂದು ಆಟಗಳ ಸಂಖ್ಯೆ ಅಗಾಧವಾಗಿದೆ, ಆಡುವವನ ವಲಯ ಕಿರಿದಾಗಿದೆ. ಗುಂಡು ಹಾರಿಸುವ ಆಟದಿಂದ ಆರಂಭಿಸಿದವನಿಗೆ ಅಂಗಡಿಯ ಪರದೆ ತೋರಿಸುವುದು ಅಂಥದ್ದೇ ಮತ್ತೊಂದನ್ನು. ಆದ್ದರಿಂದ ಸಹ ಆಟಗಾರನಿಗೆ ಸಲಹೆ ಕೊಡುವವರು ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ಯಾವ ಭಾಷೆ ಬರುತ್ತದೆ, ಯಾರೊಡನೆ ಆಡುತ್ತೀರಿ, ಎಷ್ಟು ಹೊತ್ತು ಸಿಗುತ್ತದೆ, ವಯಸ್ಸೆಷ್ಟು?

ಭಾಷೆಯಿಂದಲೇ ತೊಡಗೋಣ. ಕನ್ಸೋಲ್ ಆಟಗಳ ಮಾತುಕತೆ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಅದರಲ್ಲಿ ಹಿಡಿತವಿಲ್ಲದವರಿಗೆ 2012ರ 'ಜರ್ನಿ'ಯನ್ನು ಧೈರ್ಯವಾಗಿ ಹೇಳಬಹುದು. ಮರಳುಗಾಡನ್ನು ದಾಟಿ ದೂರದ ಶಿಖರವೊಂದರತ್ತ ನಡೆಯುವ ಈ ಆಟದಲ್ಲಿ ಒಂದು ಮಾತೂ ಇಲ್ಲ. ನಡುವೆ ಜೊತೆಯಾಗುವ ಅಪರಿಚಿತ ಜಗತ್ತಿನ ಇನ್ನೆಲ್ಲೋ ಕುಳಿತು ಆಡುತ್ತಿರುವವನು; ಅವನೊಡನೆ ಸಂಭಾಷಣೆ ನಡೆಯುವುದು ಸ್ವರದಲ್ಲಿ ಮಾತ್ರ. ಎರಡು ಗಂಟೆಯ ಆಸುಪಾಸಿನಲ್ಲಿ ಪ್ರಯಾಣ ಮುಗಿಯುತ್ತದೆ. 2013ರ 'ಬ್ರದರ್ಸ್' ಸಾಹಸದ ಜಾತಿಯದು. ಪಾತ್ರಗಳು ಆಡುವುದು ಕಲ್ಪಿತ ಭಾಷೆಯನ್ನು. ಎಡಗೈ ಅಣ್ಣನನ್ನು, ಬಲಗೈ ತಮ್ಮನನ್ನು ನಡೆಸುತ್ತದೆ. ಅದರ ದುಃಖ ಕೈಗಳಿಗೆ ಅರ್ಥವಾಗುತ್ತದೆ, ನಿಘಂಟು ಬೇಕಿಲ್ಲ. ಯುದ್ಧದ ಆಟಗಳಲ್ಲೇ ನಿಂತುಹೋದವರಿಗೆ 2005ರ 'ಶ್ಯಾಡೊ ಆಫ್ ದ ಕೊಲೋಸಸ್' ಒಳ್ಳೆಯ ಸೇತುವೆ. ಅದರಲ್ಲಿ ಎದುರಾಗುವವು 16 ದೈತ್ಯರು ಮಾತ್ರ. ಒಂದೊಂದು ದೈತ್ಯ ಉರುಳಿದಾಗಲೂ ಗೆದ್ದ ಸಂತೋಷಕ್ಕಿಂತ ಇದು ಸರಿಯೇ ಎಂಬ ಕಳವಳವೇ ಹೆಚ್ಚುತ್ತದೆ.

ಎರಡನೆಯ ಪ್ರಶ್ನೆ ಜೊತೆಗಾರರದು. ಮನೆಯಲ್ಲಿ ಇಬ್ಬರಿದ್ದರೆ 2021ರ 'ಇಟ್ ಟೇಕ್ಸ್ ಟೂ' ಇದೆ. ವಿಚ್ಛೇದನದ ಅಂಚಿನಲ್ಲಿರುವ ದಂಪತಿ ಪುಟ್ಟ ಗೊಂಬೆಗಳಾಗಿ, ಒಬ್ಬರಿಗೊಬ್ಬರು ನೆರವಾಗದೆ ಒಂದು ಹೆಜ್ಜೆಯನ್ನೂ ಇಡಲಾರದ ಆಟವಿದು. ಒಬ್ಬರೇ ಆಡಲು ಬರುವುದೇ ಇಲ್ಲ. ಕನ್ಸೋಲನ್ನು ಎಂದೂ ಮುಟ್ಟದ ಮಡದಿಯನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಕ್ರಿಕೆಟ್ ಪ್ರಿಯರಿಗೆ ಮೆಲ್ಬರ್ನ್‌ನ ಬಿಗ್ ಆಂಟ್ ಸಂಸ್ಥೆಯ ಕ್ರಿಕೆಟ್ ಆಟಗಳಿವೆ. ಕಾರಿನ ವೇಗ ಬಯಸುವವರಿಗೆ 2021ರಲ್ಲಿ ಬಂದ 'ಫೋರ್ಜಾ ಹೊರೈಜ಼ನ್ 5' ಮೆಕ್ಸಿಕೊದ ರಸ್ತೆಗಳನ್ನು ತೆರೆದಿಡುತ್ತದೆ. ಈ ಫೋರ್ಜಾ ಸರಣಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟವರಲ್ಲಿ 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ಸಂಸ್ಥೆಯೂ ಒಂದು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಆಟವೆಂದರೆ ಆಡುವುದು ಮಾತ್ರವಲ್ಲ, ಯಾರೋ ಕುಳಿತು ಕಟ್ಟಿದ್ದು ಎಂಬ ತಿಳಿವು ಅದರಿಂದ ಬರುತ್ತದೆ.

ದಿನಕ್ಕೆ ಅರ್ಧ ಗಂಟೆಯಷ್ಟೇ ಸಿಗುವವರಿಗೆ 'ಸ್ಟಾರ್‌ಡ್ಯೂ ವ್ಯಾಲಿ' ಹೊಂದುತ್ತದೆ. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ವರ್ಷಗಳ ಕಾಲ ಏಕಾಂಗಿಯಾಗಿ ದುಡಿದು 2016ರಲ್ಲಿ ಹೊರತಂದ ಬೇಸಾಯದ ಆಟವಿದು. ಶ್ರೀನಿವಾಸಪುರದ ರೈತನ ಮಗ ಇದನ್ನು ಆಡಿದರೆ ನಗುವೂ ಬಂದೀತು, ನಿಟ್ಟುಸಿರೂ ಬಂದೀತು. ಮುಂದಿನ ಪರಿಷ್ಕರಣೆಯೊಂದರಲ್ಲಿ ಇದಕ್ಕೆ ಮಾವಿನ ಸಸಿಯೂ ಸೇರಿದೆ. ನೆಟ್ಟ 28 ದಿನಕ್ಕೆ ಅದು ಮರವಾಗಿ, ಬೇಸಿಗೆಯಲ್ಲಿ ದಿನಕ್ಕೊಂದು ಹಣ್ಣು ಕೊಡುತ್ತದೆ. ಸಂಜೆ ಪೆಟ್ಟಿಗೆಗೆ ಹಾಕಿದ ಬೆಳೆಗೆ ಬೆಳಗಾಗುವುದರೊಳಗೆ ಹಣ ಬಂದಿರುತ್ತದೆ. ಎಷ್ಟು ಬೆಳೆದರೂ ದರ ಕುಸಿಯುವುದಿಲ್ಲ. ಇಲ್ಲಿ ಕಸಿ ಗಿಡ ಕೈಗೆ ಫಸಲು ಕೊಡಲು ನಾಲ್ಕೈದು ವರ್ಷ ಬೇಕು. 2025ರ ಜೂನ್‌ನಲ್ಲಿ ಗಡಿಯಾಚೆಯ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆಯೊಡ್ಡಿದಾಗ ಈ ಭಾಗದ ಬೆಳೆಗಾರರು ಪಟ್ಟ ಪಾಡನ್ನು ಮರೆಯಲಾಗದು. ಆದರೂ ಈ ಆಟವನ್ನು ಹುಸಿಯೆಂದು ತಳ್ಳಬೇಕಿಲ್ಲ. ಬೆವರಿಗೆ ತಕ್ಕ ಬೆಲೆ ತಪ್ಪದೆ ಬರುವ ಊರೊಂದನ್ನು ಕಲ್ಪಿಸಿ ತೋರಿಸುವುದು ಕಥೆಗಳು ಹಿಂದಿನಿಂದಲೂ ಮಾಡಿಕೊಂಡು ಬಂದ ಕೆಲಸವೇ. ನಮ್ಮ ಮಂಡಿಯಲ್ಲಿ ಹಾಗೇಕೆ ಆಗುತ್ತಿಲ್ಲವೆಂದು ಹುಡುಗ ಕೇಳಿದರೆ, ಆಟ ತನ್ನ ಕೆಲಸ ಮಾಡಿದಂತೆ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಲಸಕ್ಕೆ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಬೆಳೆಯುವವರು ಗಡಿಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಸ್ವಲ್ಪ ಇಂಗ್ಲಿಷ್ ಓದಬಲ್ಲ ಅಂಥವರಿಗೆ 2023ರ 'ವೆಂಬಾ'ವನ್ನು ಹೇಳಲೇಬೇಕು. 1980ರ ದಶಕದ ಕೊನೆಯಲ್ಲಿ ಕೆನಡಾ ಸೇರಿದ ತಮಿಳು ತಾಯಿಯೊಬ್ಬಳು ಅಳಿಸಿಹೋದ ಅಡುಗೆ ಪುಸ್ತಕವನ್ನು ಮುಂದಿಟ್ಟುಕೊಂಡು ಇಡ್ಲಿ ಬೇಯಿಸುವುದರೊಂದಿಗೆ ಅದು ಆರಂಭವಾಗುತ್ತದೆ. ಪಾಕದ ಮರೆತ ಹಂತವನ್ನು ಊಹಿಸುವುದೇ ಅದರ ಒಗಟು. ಮಗನ ಬಾಯಿಂದ ಮನೆಮಾತು ಜಾರಿಹೋಗುವುದೇ ಅದರ ಕಥೆ. ಹೊಡೆದಾಟ ಬೇಕೇಬೇಕು ಎನ್ನುವವರಿಗೆ ಪುಣೆಯ ತಂಡವೊಂದು 2020ರಲ್ಲಿ ಹೊರತಂದ 'ರಾಜಿ' ಇದೆ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕಥೆಯದು.

ಇನ್ನು ವಯಸ್ಸಿನ ಮಾತು. 2018ರ 'ರೆಡ್ ಡೆಡ್ ರಿಡೆಂಪ್ಶನ್ 2' ಅವಸಾನದತ್ತ ಸಾಗುವ ದರೋಡೆಕೋರರ ಗುಂಪೊಂದರ ಸುದೀರ್ಘ ಕಥನ. ರಾಕ್‌ಸ್ಟಾರ್ ಸಂಸ್ಥೆಯ ಬೆಂಗಳೂರು ಶಾಖೆಯೂ ಅದರ ನಿರ್ಮಾಣದಲ್ಲಿ ದುಡಿದಿದೆ. ಅದು ಶ್ರೇಷ್ಠವೇ ಸರಿ, ಆದರೆ ವಯಸ್ಕರಿಗೆ ಮಾತ್ರ. ಪೊಟ್ಟಣದ ಮೇಲೆ ಮುದ್ರಿಸಿದ ವಯೋಮಿತಿಯನ್ನು ಸಿನಿಮಾದ 'ಎ' ಪ್ರಮಾಣಪತ್ರದಷ್ಟೇ ಗಂಭೀರವಾಗಿ ಕಾಣುವ ಅಭ್ಯಾಸ ನಮ್ಮ ಪೋಷಕರಲ್ಲಿ ಇನ್ನೂ ಬೇರೂರಿಲ್ಲ. ಅಂಗಡಿಯವರು ಹೇಳದಿದ್ದರೆ ಆಡಿದ ಅಣ್ಣಂದಿರು ಹೇಳಬೇಕು.

ಒಂದು ಸಣ್ಣ ವ್ಯಾವಹಾರಿಕ ಸೂಚನೆಯೂ ಇಲ್ಲಿ ಸಲ್ಲುತ್ತದೆ. ಕನ್ಸೋಲ್ ಕೊಳ್ಳುವುದಾದರೆ ಡಿಸ್ಕ್ ಹಾಕಬಹುದಾದದ್ದನ್ನೇ ಕೊಳ್ಳುವುದು ಲೇಸು. ಅಂತರ್ಜಾಲದಿಂದ ಇಳಿಸಿಕೊಂಡ ಆಟ ಕೊಂಡವನ ಖಾತೆಯಲ್ಲೇ ಉಳಿಯುತ್ತದೆ. ಡಿಸ್ಕ್ ಕೈಯಿಂದ ಕೈಗೆ ಹೋಗುತ್ತದೆ. ನಾಲ್ವರು ಗೆಳೆಯರು ಒಂದೊಂದು ಪ್ರಕಾರದ ಒಂದೊಂದು ಆಟ ಕೊಂಡು ಬದಲಾಯಿಸಿಕೊಂಡರೆ ಖರ್ಚು ಕಾಲು ಭಾಗ, ರುಚಿ ನಾಲ್ಕು ಬಗೆ. ಊರಿನ ವಾಚನಾಲಯಗಳು ಪುಸ್ತಕದ ವಿಷಯದಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ?

ಸಲಹೆ ಕೊಡುವವರು ಗೆಳೆಯ ನಿಂತ ಜಾಗದಿಂದ ಒಂದೇ ಹೆಜ್ಜೆ ಆಚೆಗಿನದನ್ನು ತೋರಿಸಲಿ, ಹತ್ತು ಹೆಜ್ಜೆ ಆಚೆಗಿನದನ್ನಲ್ಲ. ಓಟದ ಆಟದವನನ್ನು ಏಕಾಏಕಿ ಒಗಟಿಗೆ ಎಳೆದರೆ ಅವನು ಓಡಿಹೋಗುತ್ತಾನೆ. ಆಡಿ ಮುಗಿಸಿದ ಮೇಲೆ ಹೇಗಿತ್ತೆಂದು ತಪ್ಪದೆ ವಿಚಾರಿಸಲಿ. ಜಾಹೀರಾತು ಎಂದೂ ಕೇಳದ ಪ್ರಶ್ನೆ ಅದು.