60 ಕಾರ್ಡ್‌ಗಳ ಲೆಕ್ಕ: ಟೂರ್ನಮೆಂಟ್‌ಗೆ ಡೆಕ್ ಕಟ್ಟೋದು ಹೇಗೆ?

ಇವತ್ತಿನ ಸಂಚಿಕೆ ಪೋಕೆಮಾನ್ ಕಾರ್ಡ್ ಆಡೋರಿಗೆ. ಅದರಲ್ಲೂ ಚಿಕ್ಕಯ್ಯನಛತ್ರದಂಥ ಊರಲ್ಲಿದ್ದು, ಬೆಂಗಳೂರಿನ ಟೂರ್ನಮೆಂಟ್‌ಗೆ ಹೋಗ್ಬೇಕು ಅಂದ್ಕೊಂಡಿರೋರಿಗೆ. ಮೈಸೂರು ದಾಟಿ ಬೆಂಗಳೂರಿಗೆ ಹೋಗಿಬರೋ ಖರ್ಚೇ ಒಂದಿಷ್ಟಾಗುತ್ತೆ. ಹಾಗಾಗಿ ಕಾರ್ಡ್‌ಗೆ ದುಡ್ಡು ಹಾಕೋ ಮೊದಲು ಲೆಕ್ಕ ಹಾಕೋಣ.

ಎಲೆಯಾಟ ನಮ್ಮ ಮೈಸೂರು ಸೀಮೆಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ 320 ಎಲೆಗಳ ಗಂಜೀಫಾ ಕೂಡ ಇತ್ತು. ಆದರೆ ಅಲ್ಲಿ ಎಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತಾರೆ. ಇಲ್ಲಿ ನಿಮ್ಮ ಕಟ್ಟನ್ನು ನೀವೇ ಜೋಡಿಸಿಕೊಂಡು ಬರಬೇಕು. ಅಂದ್ರೆ ಅರ್ಧ ಆಟ ಮನೆಯಲ್ಲೇ ಮುಗಿದಿರುತ್ತೆ.

ಮೊದಲು ನಿಯಮ. ಡೆಕ್‌ನಲ್ಲಿ ಸರಿಯಾಗಿ 60 ಕಾರ್ಡ್ ಇರಬೇಕು. ಬೇಸಿಕ್ ಎನರ್ಜಿ ಬಿಟ್ಟರೆ ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಹೆಚ್ಚು ಇರುವಂತಿಲ್ಲ. ಶುರುವಿಗೆ ಕೈಗೆ 7 ಕಾರ್ಡ್ ಬರುತ್ತವೆ, 6 ಕಾರ್ಡ್ ಪ್ರೈಜ್ ಅಂತ ಮಗುಚಿ ಇಡುತ್ತೀವಿ.

ಈಗ ಲೆಕ್ಕ ನೋಡಿ. ಒಂದು ಕಾರ್ಡನ್ನು 4 ಪ್ರತಿ ಹಾಕಿದ್ರೆ, ಮೊದಲ 7ರಲ್ಲಿ ಅದು ಸಿಗೋ ಸಾಧ್ಯತೆ ಸುಮಾರು 40%. 2 ಹಾಕಿದ್ರೆ 22%. ಒಂದೇ ಒಂದು ಹಾಕಿದ್ರೆ 12% ಕೂಡ ಇಲ್ಲ. ಮೇಲಾಗಿ ಆ ಒಂದೇ ಕಾರ್ಡ್ ಸುಮಾರು ಹತ್ತು ಆಟಕ್ಕೆ ಒಂದು ಸಲ ಪ್ರೈಜ್‌ನಲ್ಲಿ ಸಿಕ್ಕಿಬೀಳುತ್ತೆ. ಅದಕ್ಕೇ ಮೊದಲ ಸರದಿಯಲ್ಲೇ ಬೇಕಾದ ಕಾರ್ಡ್ 4 ಇರಲಿ. ಅಲ್ಟ್ರಾ ಬಾಲ್‌ನಂಥ ಕಾರ್ಡ್‌ನಿಂದ ಹುಡುಕಿ ತರಬಹುದಾದ ಪೋಕೆಮಾನ್ ಒಂದೋ ಎರಡೋ ಸಾಕು.

ಬೇಸಿಕ್ ಪೋಕೆಮಾನ್ 8 ಇದ್ರೆ, ಸುಮಾರು 35% ಸಲ ಮೊದಲ ಕೈಯಲ್ಲಿ ಒಂದೂ ಬರಲ್ಲ. 12 ಇದ್ರೆ ಅದು 19%ಕ್ಕೆ ಇಳಿಯುತ್ತೆ. ಬರದಿದ್ರೆ ಕೈ ತೋರಿಸಿ, ಕಲೆಸಿ, ಮತ್ತೆ 7 ಎಳೀಬೇಕು. ಎದುರಾಳಿಗೆ ಒಂದು ಕಾರ್ಡ್ ಹೆಚ್ಚು ಎಳೆಯೋ ಅವಕಾಶ ಸಿಗುತ್ತೆ.

ಇನ್ನು ಟ್ಯೂನಿಂಗ್. ನನ್ನ ಪ್ರಕಾರ ಡೆಕ್ ಕಟ್ಟೋದು ಸುಲಭ, ಅದರಿಂದ ಕಾರ್ಡ್ ತೆಗೆಯೋದು ಕಷ್ಟ. 'ಯಾವಾಗಲಾದರೂ ಬೇಕಾಗಬಹುದು' ಅಂತ ಸೇರಿಸಿದ ಪ್ರತಿ ಕಾರ್ಡೂ ನಿಮಗೆ ದಿನಾ ಬೇಕಾದ ಒಂದು ಕಾರ್ಡಿನ ಜಾಗ ತಿನ್ನುತ್ತೆ. ನಾನು ಮಾಡೋದು ಇಷ್ಟೇ. ಒಂದೇ ಎದುರಾಳಿ ಡೆಕ್ ಜೊತೆ 10 ಆಟ ಆಡ್ತೀನಿ, ಐದರಲ್ಲಿ ನಾನು ಮೊದಲು, ಐದರಲ್ಲಿ ಅವರು. ಸೋಲು-ಗೆಲುವಿನ ಜೊತೆಗೆ, ಯಾವ ಕಾರ್ಡ್ ಕೈಯಲ್ಲಿ ಸುಮ್ಮನೆ ಕೂತಿತ್ತು ಅಂತ ಬರೆದಿಡ್ತೀನಿ. ಉದಾಹರಣೆಗೆ, ಒಂದು ಸರದಿಗೆ ಸಪೋರ್ಟರ್ ಕಾರ್ಡ್ ಒಂದೇ ಆಡಬಹುದು. ಕೈಯಲ್ಲಿ ಸದಾ ಮೂರು ಸಪೋರ್ಟರ್ ಉಳೀತಿದ್ರೆ ಒಂದನ್ನು ಇಳಿಸಬಹುದು. ಒಂದು ಸಲಕ್ಕೆ ಒಂದೋ ಎರಡೋ ಕಾರ್ಡ್ ಮಾತ್ರ ಬದಲಿಸಿ. ಐದಾರು ಬದಲಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ಈ ಅಭ್ಯಾಸಕ್ಕೆಲ್ಲ ಅಸಲಿ ಕಾರ್ಡ್ ಬೇಕಾಗಿಲ್ಲ. ಚೀಟಿಯಲ್ಲಿ ಹೆಸರು ಬರೆದು, ಹಳೇ ಕಾರ್ಡಿನ ಮೇಲಿಟ್ಟು, ಸ್ಲೀವ್‌ಗೆ ಹಾಕಿ ಗೆಳೆಯರ ಜೊತೆ ಆಡಿ. ಅಧಿಕೃತ ಟೂರ್ನಮೆಂಟ್‌ಗೆ ಮಾತ್ರ ಅಸಲಿ ಕಾರ್ಡೇ ಆಗಬೇಕು. ಸ್ಟ್ಯಾಂಡರ್ಡ್ ಮಾದರಿಯಲ್ಲಿ ಹಳೇ ಕಾರ್ಡ್‌ಗಳು ಕಾಲಕಾಲಕ್ಕೆ ಹೊರಗೆ ಹೋಗ್ತವೆ. ಕೊಳ್ಳೋ ಮೊದಲು ಕಾರ್ಡಿನ ಕೆಳಗಡೆ ಎಡ ಮೂಲೆಯ ಅಕ್ಷರ ನೋಡಿ, ಅದು ಈಗ ಚಾಲ್ತಿಯಲ್ಲಿದೆಯಾ ಅಂತ ಖಚಿತ ಮಾಡ್ಕೊಳ್ಳಿ.

ಹೊಳೆಯೋ ದುಬಾರಿ ಕಾರ್ಡೂ ಅದೇ ಹೆಸರಿನ, ಅದೇ ಬರಹದ ಸಾದಾ ಕಾರ್ಡೂ ಮೇಜಿನ ಮೇಲೆ ಮಾಡೋ ಕೆಲಸ ಒಂದೇ. ಸಾದಾದ್ದನ್ನೇ ತಗೊಳ್ಳಿ, ಉಳಿದ ದುಡ್ಡು ಬಸ್ ಚಾರ್ಜಿಗೆ ಆಗುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.