ಹೆಸರು ಹೇಳದ ಆಸಾಮಿಯ ರಾತ್ರಿ ಸಂಗೀತ

ಕೊನೇ ಬಸ್ಸಿನ ಕಿಟಕಿಗೆ ತಲೆ ಆನಿಸಿ ಮನೆಗೆ ಹೋಗೋರು ಇದನ್ನು ಓದಬೇಕು. ಲಂಡನ್ನಿನ ‘ಬರಿಯಲ್’ ಎಂಬಾತ ತನ್ನ 2006ರ ಮೊದಲ ಆಲ್ಬಮ್ಮಿನಲ್ಲಿ ‘ನೈಟ್ ಬಸ್’ ಅಂತಲೇ ಒಂದು ತುಣುಕು ಇಟ್ಟಿದ್ದಾನೆ.

ಅಣ್ಣಂದಿರು ತಂದ ಡಾನ್ಸ್ ಸಂಗೀತ ಕೇಳಿ ಬೆಳೆದವ. ದೊಡ್ಡ ಸ್ಟುಡಿಯೋ ಇಲ್ಲ. ‘ಸೌಂಡ್ ಫೋರ್ಜ್’ ಅನ್ನೋ ಶಬ್ದ ಕತ್ತರಿಸುವ ಸಾಫ್ಟ್‌ವೇರಿನಲ್ಲಿ, ಪರದೆಯ ಅಲೆ ನೋಡ್ಕೊಂಡು ಕಣ್ಣಳತೆಯಲ್ಲೇ ತಾಳ ಕೂರಿಸಿದ. ತಕ್ಕಡಿಯಿಲ್ಲದೆ ಬೆಲ್ಲ ತೂಗಿದ ಹಾಗೆ! ಮಳೆ ಸದ್ದು, ಹಳೇ ರೆಕಾರ್ಡಿನ ಚರಪರ, ಎಲ್ಲಾ ಅದರೊಳಗೇ. ಆಮೇಲೆ ರಾತ್ರಿ ಕಾರಿನಲ್ಲಿ ಸುತ್ತುತ್ತಾ ಹಾಕಿ ಕೇಳೋದು.

ಯಾರೀತ? ಮನೆಯವರು, ನಾಲ್ಕಾರು ಗೆಳೆಯರು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. 2008ರಲ್ಲಿ ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಗೆ ಬಂದದ್ದೇ ತಡ, ಪತ್ರಿಕೆಯವರು (ನಮ್ಮ ಕುಲಬಾಂಧವರೇ!) ಬೆನ್ನು ಬಿದ್ದರು. ಕೊನೆಗೆ ಆಗಸ್ಟ್‌ನಲ್ಲಿ ಒಂದು ಫೋಟೋ ಹಾಕಿ ತಾನೇ ಹೇಳಿದ: ವಿಲ್ ಬೆವನ್. ಅಷ್ಟೇ, ಮತ್ತೆ ಮರೆಗೆ ಸರಿದ.